ತಂದ ಕಾಯಿಪಲ್ಯ ಬಾಡದಿರಲಿ

ಭಾನುವಾರ ಬೆಳಿಗ್ಗೆ ಮಾರುಕಟ್ಟೆಯಿಂದ ತಂದ ಕೈಚೀಲಗಳನ್ನು ಅಡುಗೆಮನೆಯಲ್ಲಿ ಬಿಚ್ಚಿದಾಗ ಮನೆಯವರೆಲ್ಲರ ಕಣ್ಣಿಗೂ ಹಬ್ಬ. ಎಳೆಯ ಹುರುಳಿಕಾಯಿ, ಮಿರುಗುವ ಬದನೆಕಾಯಿ, ಕೆಂಪು ಟೊಮೆಟೊ, ನೀರು ಚಿಮುಕಿಸಿದ ಕೊತ್ತಂಬರಿ ಸೊಪ್ಪು, ಒಂದು ಚಿಪ್ಪು ಏಲಕ್ಕಿ ಬಾಳೆ. ಇನ್ನು ವಾರವೆಲ್ಲ ಚಿಂತೆಯಿಲ್ಲ ಎಂಬ ನೆಮ್ಮದಿ. ಗುರುವಾರ ಸಂಜೆ ಅದೇ ಅಡುಗೆಮನೆಯಲ್ಲಿ ಕಾಣುವ ದೃಶ್ಯವೇ ಬೇರೆ. ಕೊತ್ತಂಬರಿ ಕಪ್ಪಗೆ ಕೊಳೆತು ಲೋಳೆಯಾಗಿದೆ; ಹುರುಳಿಕಾಯಿ ಮುರಿದರೆ ಮುರಿಯದೆ ಬಾಗುತ್ತದೆ; ಬದನೆಕಾಯಿಯನ್ನು ಹೆಚ್ಚಿದರೆ ಒಳಗೆ ಬೀಜವೆಲ್ಲ ಕಂದು; ಬಾಳೆಹಣ್ಣಿನ ಸಿಪ್ಪೆ ಕರಿಯ ಬಣ್ಣಕ್ಕೆ ತಿರುಗಿದೆ. ದುಡ್ಡು ಕೊಟ್ಟು ತಂದುದರಲ್ಲಿ ಒಂದು ಪಾಲು ಒಲೆ ಏರದೆಯೇ ಕಸದ ಬುಟ್ಟಿ ಸೇರುತ್ತದೆ.

ಬೆಂಗಳೂರಿನ ಬಸವನಗುಡಿಯ ಒಂದು ಮನೆಯಲ್ಲಿ ಇಂತಹ ಗುರುವಾರಗಳು ಹಲವು ಕಳೆದಿದ್ದುವು. ಗಂಡ ಹೆಂಡಿರಿಬ್ಬರೂ ಕಛೇರಿಗೆ ಹೋಗುವವರು. ಕಾಯಿಪಲ್ಯ ತರಲು ಅವರಿಗೆ ಬಿಡುವಿದ್ದುದು ಭಾನುವಾರ ಮಾತ್ರ. ಪುತ್ತೂರಿನ ಕಡೆಯಿಂದ ಮಗನ ಮನೆಗೆ ಬಂದು ನೆಲೆಸಿದ್ದ ಅತ್ತೆ, ಸೊಸೆಯು ಬಾಡಿದ ಸೊಪ್ಪನ್ನು ಎಸೆಯುವುದನ್ನು ನೋಡಿಯೂ ಬಹಳ ದಿನ ಬಾಯಿಬಿಡಲಿಲ್ಲ. ಒಂದು ದಿನ ಮಾತ್ರ ತಡೆಯಲಾರದೆ, "ಇಷ್ಟು ದೊಡ್ಡ ಫ್ರಿಜ್ಜು ಇದ್ದೂ ಸೊಪ್ಪು ನಾಲ್ಕು ದಿನ ನಿಲ್ಲುವುದಿಲ್ಲವಲ್ಲಮ್ಮಾ!" ಎಂದುಬಿಟ್ಟರು. ಸೊಸೆಗೆ ಮಾತು ಚುರುಕ್ಕೆಂದಿತು. "ಊರಿನಲ್ಲಿ ಹಿತ್ತಿಲಿಗೆ ಹೋಗಿ ಬೇಕಾದಾಗ ಕಿತ್ತು ತರುತ್ತಿದ್ದಿರಿ, ಅತ್ತೆ. ಇಲ್ಲಿ ಹಿತ್ತಿಲೆಲ್ಲಿದೆ?" ಎಂದು ಆಕೆಯೂ ನುಡಿದಳು. ಅಂದು ರಾತ್ರಿ ಇಬ್ಬರೂ ಮಾತಿಲ್ಲದೆ ಊಟ ಮಾಡಿದರು.

ಇಬ್ಬರು ಆಡಿದುದರಲ್ಲಿಯೂ ಸತ್ಯವಿತ್ತು. ಇಬ್ಬರೂ ಗಮನಿಸದ ಸಂಗತಿಯೂ ಒಂದಿತ್ತು. ಕಾಯಿಪಲ್ಯವನ್ನು ಕೆಡದಂತೆ ಇಡುವುದೆಂದರೆ ಅದನ್ನು ಯಾವುದಾದರೊಂದು ಪೆಟ್ಟಿಗೆಯೊಳಗೆ ತುಂಬಿ ಬಾಗಿಲು ಹಾಕುವುದಲ್ಲ. ಯಾವುದು ಯಾವ ಗುಣದ್ದು ಎಂಬುದನ್ನು ಅರಿತು, ಅದಕ್ಕೆ ತಕ್ಕ ಜಾಗವನ್ನು ಕೊಡುವುದು.

ಕಿತ್ತ ಮೇಲೂ ಉಸಿರು

ಬಳ್ಳಿಯಿಂದ ಬಿಡಿಸಿದ ಕಾಯಿ, ಬೇರುಸಹಿತ ಕಿತ್ತ ಸೊಪ್ಪು, ಕೊಂಬೆಯಿಂದ ಇಳಿಸಿದ ಹಣ್ಣು ಇವು ಜೀವ ಹೋದ ವಸ್ತುಗಳಲ್ಲ. ಅವು ಗಾಳಿಯಿಂದ ಆಮ್ಲಜನಕವನ್ನು ಹೀರಿ, ತಮ್ಮೊಳಗೆ ಕೂಡಿಟ್ಟ ಸಕ್ಕರೆ ಪಿಷ್ಟಗಳನ್ನು ಕರಗಿಸುತ್ತ, ಇಂಗಾಲದ ಡೈಆಕ್ಸೈಡನ್ನೂ ಶಾಖವನ್ನೂ ಹೊರಬಿಡುತ್ತ ಉಸಿರಾಡುತ್ತಲೇ ಇರುತ್ತವೆ. ಗಿಡದಲ್ಲಿದ್ದಾಗ ಬೇರು ಉಣಿಸುತ್ತಿತ್ತು. ಕಿತ್ತ ಮೇಲೆ ಕೂಡಿಟ್ಟ ಗಂಟನ್ನೇ ತಿಂದು ಬಾಳಬೇಕು. ಉಸಿರಾಟ ಜೋರಾದಷ್ಟೂ ಗಂಟು ಬೇಗ ಕರಗುತ್ತದೆ. ಸಾಮಾನ್ಯವಾಗಿ ಉಷ್ಣತೆ 10 ಡಿಗ್ರಿ ಸೆಂಟಿಗ್ರೇಡ್ ಏರಿದರೆ ಈ ಉಸಿರಾಟ ಎರಡರಿಂದ ಮೂರು ಪಟ್ಟು ಹೆಚ್ಚುವುದು. ಹಸಿ ಬಟಾಣಿ, ಎಳೆಯ ಜೋಳ, ಸೊಪ್ಪುಗಳು ಏದುಸಿರು ಬಿಡುವ ಜಾತಿ. ಈರುಳ್ಳಿ, ಆಲೂಗಡ್ಡೆಗಳು ನಿಧಾನವಾಗಿ ಉಸಿರಾಡುವ ಜಾತಿ. ಒಂದು ಎರಡು ದಿನಕ್ಕೆ ಸಪ್ಪಗಾಗಿ, ಇನ್ನೊಂದು ತಿಂಗಳುಗಟ್ಟಲೆ ನಿಲ್ಲುವುದರ ಗುಟ್ಟು ಇದೇ.

ಎರಡನೆಯ ಶತ್ರು ನೀರಿನ ನಷ್ಟ. ಹಣ್ಣು ತರಕಾರಿಗಳಲ್ಲಿ ಬಹುಪಾಲಿನ ತೂಕವೆಲ್ಲ ನೀರೇ. ಅದರಲ್ಲಿ ನೂರಕ್ಕೆ ಐದರಷ್ಟು ಆರಿಹೋದರೂ ಸಾಕು, ಅನೇಕ ಕಾಯಿಪಲ್ಯಗಳು ಬಾಡಿದಂತೆ ಕಾಣುತ್ತವೆ. ಮೂರನೆಯ ಶತ್ರು ಬೂಷ್ಟು ಮತ್ತು ಬ್ಯಾಕ್ಟೀರಿಯ. ಇವು ಗಾಯವಾದ ಕಡೆ, ಒದ್ದೆಯಿರುವ ಕಡೆ ಬೇರೂರುತ್ತವೆ.

ಫ್ರಿಜ್ಜು ಮೊದಲನೆಯ ಮತ್ತು ಮೂರನೆಯ ಶತ್ರುಗಳನ್ನು ತಕ್ಕಮಟ್ಟಿಗೆ ಹತ್ತಿಕ್ಕುವುದು ನಿಜ. ಆದರೆ ಅದರೊಳಗಣ ಗಾಳಿ ಬಹಳ ಒಣಗಾಳಿ. ಮುಚ್ಚದೆ ಇಟ್ಟ ಸೊಪ್ಪಿನ ನೀರನ್ನು ಅದು ಹೀರಿಬಿಡುವುದು. ಹಾಗೆಂದು ಸೊಪ್ಪನ್ನು ತೊಳೆದು, ನೀರು ಸೋರುತ್ತಿರುವಂತೆಯೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಬೂಷ್ಟಿಗೆ ಔತಣವಿತ್ತಂತೆ. ಬಸವನಗುಡಿಯ ಸೊಸೆ ಮಾಡುತ್ತಿದ್ದುದು ಇದನ್ನೇ. ಭಾನುವಾರವೇ ಎಲ್ಲವನ್ನೂ ತೊಳೆದಿಟ್ಟರೆ ವಾರದ ನಡುವೆ ಕೆಲಸ ಹಗುರವಾಗುವುದೆಂಬುದು ಆಕೆಯ ಲೆಕ್ಕ. ಲೆಕ್ಕ ತಪ್ಪಲ್ಲ; ಉಳಿದ ನೀರು ಮಾತ್ರ ಲೆಕ್ಕವನ್ನು ಕೆಡಿಸುತ್ತಿತ್ತು.

ಕುಂಬಳಕಾಯಿಯ ಬೂದಿ

"ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡ" ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಕಳ್ಳ ಹೆಗಲನ್ನೇ ಏಕೆ ಮುಟ್ಟಿ ನೋಡಿಕೊಳ್ಳಬೇಕಾಗಿತ್ತು? ಬೂದುಗುಂಬಳವನ್ನು ಹೊತ್ತ ಹೆಗಲಿಗೆ ಅದರ ಮೈಮೇಲಿನ ಬಿಳಿಯ ಬೂದಿ ಅಂಟಿಕೊಳ್ಳುವುದಷ್ಟೆ. ಆ ಬೂದಿ ಧೂಳಲ್ಲ. ಅದು ಕಾಯಿ ತಾನೇ ಹೊದ್ದುಕೊಂಡ ಮೇಣದ ಹೊದಿಕೆ. ಒಳಗಿನ ನೀರು ಆರದಂತೆ, ಹೊರಗಿನ ಕೊಳೆತ ಒಳನುಗ್ಗದಂತೆ ಕಾಯುವ ಕವಚ. ಗಟ್ಟಿ ತೊಗಟೆಯೂ ಈ ಮೇಣವೂ ಸೇರಿ ಬೂದುಗುಂಬಳವನ್ನು ತಿಂಗಳುಗಟ್ಟಲೆ ಕಾಪಾಡುತ್ತವೆ. ದ್ರಾಕ್ಷಿಯ ಮೇಲೆ ಕಾಣುವ ಮಾಸಲು ಬಿಳುಪೂ ಇಂತಹುದೇ. ತಿನ್ನುವ ಮುನ್ನ ಅದನ್ನು ತೊಳೆಯಲೇಬೇಕು. ಆದರೆ ಇಡುವ ಮುನ್ನ ಉಜ್ಜಿ ತೆಗೆಯಬಾರದು.

1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ, ಹಣ್ಣುಗಳಿಗೆ ತೆಳುವಾದ ಮೇಣದ ಲೇಪ ಕೊಟ್ಟು ಅವುಗಳ ಬಾಳಿಕೆಯನ್ನು ಹೆಚ್ಚಿಸುವ ವಿಧಾನಗಳ ಬಗ್ಗೆ ಸಂಶೋಧನೆ ನಡೆದಿದೆ. ಕುಂಬಳದ ಬಳ್ಳಿ ತಾನಾಗಿಯೇ ಮಾಡುವ ಕೆಲಸವನ್ನು ವಿಜ್ಞಾನಿಗಳು ಮೇಣವಿಲ್ಲದ ಹಣ್ಣುಗಳಿಗೂ ಒದಗಿಸಿಕೊಟ್ಟರೆನ್ನಬಹುದು.

ಕರಾವಳಿಯ ಹಳೆಯ ಮನೆಗಳಲ್ಲಿ ಬೂದುಗುಂಬಳವನ್ನೂ ಮಂಗಳೂರು ಸೌತೆಯನ್ನೂ ಮಾಡಿನ ಜಂತಿಗೆ ನಾರಿನಲ್ಲಿ ಕಟ್ಟಿ ಸಾಲಾಗಿ ತೂಗಹಾಕುವುದುಂಟು. ಬೇಸಿಗೆಯಲ್ಲಿ ಬೆಳೆದುದು ಮಳೆಗಾಲದ ಕೊನೆಯವರೆಗೂ ಸಾಂಬಾರಿಗೆ ಒದಗುವುದು. ಇದರಲ್ಲಿ ಅಡಗಿರುವ ಬುದ್ಧಿವಂತಿಕೆ ಸಾಮಾನ್ಯವಾದುದಲ್ಲ. ತೂಗುವ ಕಾಯಿಗೆ ಸುತ್ತಲೂ ಗಾಳಿಯಾಡುವುದು. ನೆಲದ ತೇವ ತಾಗದು. ಒಂದಕ್ಕೊಂದು ಒತ್ತಿಕೊಳ್ಳದ ಕಾರಣ ಒಂದರ ಕೊಳೆತ ಇನ್ನೊಂದಕ್ಕೆ ಹಬ್ಬದು. ತೊಟ್ಟು ಮುರಿಯದೆ ಉಳಿದುದರಿಂದ ಗಾಯದ ಬಾಯಿಯೂ ಇಲ್ಲ. ಪಟ್ಟಣದ ಮನೆಯಲ್ಲಿ ಜಂತಿಯಿಲ್ಲ, ಸರಿ. ಆದರೆ ತೊಟ್ಟು ಗಟ್ಟಿಯಾಗಿರುವ, ಗಾಯವಿಲ್ಲದ ಇಡೀ ಕುಂಬಳವನ್ನು ಆರಿಸಿ ತಂದು, ಬಿಸಿಲು ಬೀಳದ ಮೂಲೆಯಲ್ಲಿ ಹಗ್ಗದ ಬಲೆಯೊಂದರಲ್ಲಿ ತೂಗಹಾಕಲು ಜಂತಿಯೇ ಬೇಕೆಂದೇನೂ ಇಲ್ಲ.

ತಂಪು ಎಲ್ಲಕ್ಕೂ ಹಿತವಲ್ಲ

ತಣ್ಣಗಿಟ್ಟಷ್ಟೂ ಒಳ್ಳೆಯದೆಂಬ ನಂಬಿಕೆ ಬಹಳ ಜನರಲ್ಲಿದೆ. ಇದು ಅರ್ಧಸತ್ಯ. ಎಲೆಕೋಸು, ಹೂಕೋಸು, ನವಿಲುಕೋಸು, ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ, ಬಟಾಣಿ ಮೊದಲಾದುವು ಚಳಿಗೆ ಒಗ್ಗಿದ ಜಾತಿಗಳು. ಸಾಮಾನ್ಯ ಫ್ರಿಜ್ಜಿನ 4 ಡಿಗ್ರಿಯ ತಂಪು ಅವಕ್ಕೆ ತವರುಮನೆಯಿದ್ದಂತೆ. ಸೇಬೂ ಹಾಗೆಯೇ. ಬದನೆ, ಸೌತೆ, ಬೆಂಡೆ, ಬಾಳೆ, ಮಾವು, ಪರಂಗಿ, ಟೊಮೆಟೊ ಮೊದಲಾದುವಾದರೋ ಬೆಚ್ಚನೆಯ ನೆಲದಲ್ಲಿ ಹುಟ್ಟಿ ಬೆಳೆದ ಜಾತಿಗಳು. ಇವನ್ನು ಬಹು ದಿನ ಅತಿ ತಂಪಿನಲ್ಲಿಟ್ಟರೆ ಜೀವಕೋಶಗಳ ಪೊರೆಗಳು ಕೆಟ್ಟು ಒಂದು ಬಗೆಯ ಚಳಿಗಾಯವೇ ಆಗುವುದು. ಬಾಳೆಗೆ ಸುಮಾರು 13 ಡಿಗ್ರಿಗಿಂತ ಕೆಳಗಿನ ತಂಪು ಸಹಿಸದು. ಬದನೆ, ಸೌತೆ, ಬೆಂಡೆಗಳಿಗೆ 7ರಿಂದ 10 ಡಿಗ್ರಿಗಿಂತ ಕೆಳಗಿನದು ಆಗದು.

ಈ ಗಾಯದ ಗುರುತುಗಳು ಎಲ್ಲರೂ ನೋಡಿರುವಂತಹುವೇ: ಬದನೆಯ ಬೀಜ ಕಂದಾಗುವುದು, ಸೌತೆಯ ಮೈಮೇಲೆ ನೀರು ತುಂಬಿದಂತಹ ಕುಳಿಗಳೇಳುವುದು, ಬಾಳೆಯ ಸಿಪ್ಪೆ ಕಪ್ಪಾಗುವುದು, ಎಳೆಯ ಮಾವು ಮತ್ತೆ ಹಣ್ಣಾಗದೆ ಉಳಿಯುವುದು. ಟೊಮೆಟೊವಂತೂ ನೋಡಲು ಕೆಂಪಗಿದ್ದರೂ ರುಚಿಯನ್ನು ಕಳೆದುಕೊಳ್ಳುವುದು. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇದರ ಕಾರಣವನ್ನು ತೋರಿಸಿಕೊಟ್ಟರು. 5 ಡಿಗ್ರಿಯಲ್ಲಿ ಒಂದು ವಾರ ಇಟ್ಟ ಟೊಮೆಟೊದಲ್ಲಿ ಪರಿಮಳವನ್ನು ಉಂಟುಮಾಡುವ ಜೀನುಗಳ ಕೆಲಸವೇ ಕುಗ್ಗಿಹೋಗಿತ್ತು. ಹೊರಗೆ ತೆಗೆದಿಟ್ಟ ಮೇಲೂ ಅದು ಪೂರ್ತಿಯಾಗಿ ಮರಳಲಿಲ್ಲ.

ಹಾಗಾದರೆ ಬದನೆ ಬೆಂಡೆಗಳನ್ನು ಇಡುವುದೆಲ್ಲಿ? ಬೆಂಗಳೂರು ಮೈಸೂರುಗಳಂತಹ ಹಿತವಾದ ಹವೆಯಲ್ಲಿ ಇವನ್ನು ಬಿದಿರ ಬುಟ್ಟಿಯಲ್ಲಿ ಹರಡಿ, ಒಲೆಯಿಂದ ದೂರ, ಬಿಸಿಲಿಲ್ಲದ ಜಾಗದಲ್ಲಿಟ್ಟರೆ ಎರಡು ದಿನಕ್ಕೆ ತೊಂದರೆಯಿಲ್ಲ. ಚಳಿಗಾಯವಾಗಲು ಕೆಲವು ದಿನಗಳು ಹಿಡಿಯುವುದರಿಂದ, ಇನ್ನೂ ಉಳಿದರೆ ಒಣಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ಬಾಗಿಲ ಬದಿಯಂತಹ, ತಂಪು ಕಡಿಮೆಯಿರುವ ಕಡೆ ಎರಡು ಮೂರು ದಿನ ಇಟ್ಟು ಬಳಸಬಹುದು. ಬೇಸಿಗೆಯ ಉರಿಯಲ್ಲಿ ಹೊರಗಿಟ್ಟು ಒಣಗಿಸುವುದಕ್ಕಿಂತ ಇದು ಲೇಸು. ಟೊಮೆಟೊ ಪೂರ್ತಿ ಹಣ್ಣಾಗುವವರೆಗೆ ಹೊರಗೇ ಇರಲಿ. ತೀರ ಹಣ್ಣಾಗಿ ಮೆತ್ತಗಾದುದನ್ನು ಮಾತ್ರ ಒಳಗಿಟ್ಟು ಬೇಗ ಸಾರಿಗೆ ಹಾಕಿ ಮುಗಿಸುವುದು ಒಳ್ಳೆಯದು.

ಹಣ್ಣು ಹಣ್ಣನ್ನು ಕರೆಯುವುದು

ಅಕ್ಕಿಯ ಡಬ್ಬದಲ್ಲಿ ಸಪೋಟ ಹೂತಿಡುವುದು, ಹುಲ್ಲಿನಲ್ಲಿ ಮಾವಿನಕಾಯಿ ಮುಚ್ಚಿಡುವುದು ಇವು ಅಜ್ಜಿಯರ ಕಾಲದ ಉಪಾಯಗಳು. ಇವುಗಳ ಹಿಂದಿರುವ ಶಕ್ತಿ ಎಥಿಲೀನ್ ಎಂಬ ಅನಿಲ. ಬೀದಿಯ ದೀಪಗಳಿಗೆ ಬಳಸುತ್ತಿದ್ದ ಅನಿಲದಲ್ಲಿರುವ ಎಥಿಲೀನ್ ಬಟಾಣಿ ಸಸಿಗಳ ಬೆಳವಣಿಗೆಯನ್ನು ಮಾರ್ಪಡಿಸುವುದೆಂದು 1901ರಲ್ಲಿ ರಷ್ಯದ ನೆಲ್ಯುಬೋವ್ ತೋರಿಸಿದನು. ಮಾಗುವ ಹಣ್ಣು ತಾನೇ ಈ ಅನಿಲವನ್ನು ಹೊರಬಿಡುವುದೆಂದು 1934ರಲ್ಲಿ ಇಂಗ್ಲೆಂಡಿನ ಗೇನ್ ಸ್ಥಿರಪಡಿಸಿದನು. ಹೊರಬಿದ್ದ ಅನಿಲ ಪಕ್ಕದ ಕಾಯನ್ನು ಮಾಗಿಸುವುದು. ಅದು ಮಾಗಿ ಇನ್ನಷ್ಟು ಅನಿಲ ಬಿಡುವುದು. ಡಬ್ಬದ ಮುಚ್ಚಳವೂ ಹುಲ್ಲಿನ ಹೊದಿಕೆಯೂ ಈ ಅನಿಲ ಚದುರಿಹೋಗದಂತೆ ಹಿಡಿದಿಡುತ್ತವೆ.

ಬಾಳೆ, ಮಾವು, ಸಪೋಟ, ಪರಂಗಿ, ಸೀತಾಫಲ, ಹಲಸು, ಸೇಬು, ಟೊಮೆಟೊಗಳು ಕಿತ್ತ ಮೇಲೂ ಮಾಗುವ ಹಣ್ಣುಗಳು. ಎಥಿಲೀನ್ ಬಿಡುವ ಗುಂಪಿಗೆ ಸೇರಿದುವು. ದ್ರಾಕ್ಷಿ, ಕಿತ್ತಳೆ, ಮೋಸಂಬಿ, ನಿಂಬೆ, ದಾಳಿಂಬೆ, ಅನಾನಸ್‌ಗಳು ಕಿತ್ತ ಮೇಲೆ ಇನ್ನಷ್ಟು ಸಿಹಿಯಾಗುವುದಿಲ್ಲ. ಹುಳಿ ದ್ರಾಕ್ಷಿಯನ್ನು ತಂದು, ನಾಲ್ಕು ದಿನ ಇಟ್ಟರೆ ಸಿಹಿಯಾದೀತೆಂದು ಕಾಯುವುದು ವ್ಯರ್ಥ. ಅಂಗಡಿಯಲ್ಲಿಯೇ ಹಣ್ಣಾದುದನ್ನು ನೋಡಿ ಕೊಂಡು, ನೀರಾರದಂತೆ ತಂಪಿನಲ್ಲಿಡಬೇಕು. ಹೊರಗಿಟ್ಟ ನಿಂಬೆ ನಾಲ್ಕು ದಿನದಲ್ಲಿ ಸುಕ್ಕಾದರೆ, ಮುಚ್ಚಿದ ಡಬ್ಬದಲ್ಲಿ ಫ್ರಿಜ್ಜಿನೊಳಗಿಟ್ಟ ನಿಂಬೆ ವಾರಗಟ್ಟಲೆ ರಸಭರಿತವಾಗಿ ಉಳಿಯುವುದು.

ಈ ಅನಿಲ ಹಣ್ಣಿಗೆ ಮಿತ್ರನಾದರೂ ಸೊಪ್ಪಿಗೆ ಶತ್ರು. ಸೇಬಿನ ಜೊತೆಯಲ್ಲಿ ಒಂದೇ ಅರೆಯಲ್ಲಿಟ್ಟ ಸೊಪ್ಪು ಹಳದಿಯಾಗುವುದು, ಸೌತೆ ಬೇಗ ಬಣ್ಣಗೆಡುವುದು, ಕ್ಯಾರೆಟ್ಟಿಗೆ ಕಹಿ ಬರುವುದು. ಆದುದರಿಂದ ಹಣ್ಣಿನ ಬುಟ್ಟಿಗೂ ತರಕಾರಿಯ ಬುಟ್ಟಿಗೂ ದೂರವಿರಲಿ. ಕಾಯಿಯನ್ನು ಬೇಗ ಹಣ್ಣು ಮಾಡಬೇಕೆಂದರೆ ಕಾಗದದ ಚೀಲದಲ್ಲಿ ಅದರ ಜೊತೆಗೆ ಒಂದು ಹಣ್ಣಾದ ಬಾಳೆಯನ್ನಿಟ್ಟು ಬಾಯಿ ಮಡಿಸಿಡಬಹುದು. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದು ಮಾತ್ರ ಅಪಾಯದ ಕೆಲಸ. ಆ ಪುಡಿಯಲ್ಲಿ ಪಾಷಾಣದ ಅಂಶ ಸೇರಿರಬಹುದಾದುದರಿಂದ ಭಾರತದಲ್ಲಿ ಆಹಾರ ಸುರಕ್ಷತಾ ನಿಯಮಗಳು ಅದನ್ನು ನಿಷೇಧಿಸಿವೆ. ಮಾಗಿಸುವ ಕೋಣೆಗಳಲ್ಲಿ ಮಿತ ಪ್ರಮಾಣದ ಎಥಿಲೀನ್ ಅನಿಲದ ಬಳಕೆಗೆ 2016ರಲ್ಲಿ ಅನುಮತಿ ದೊರೆಯಿತು.

ಸೊಪ್ಪಿಗೆ ವೀಳ್ಯದೆಲೆಯ ಪಾಠ

ಎಲೆಯಡಿಕೆ ಹಾಕುವ ಹಿರಿಯರಿರುವ ಮನೆಯಲ್ಲಿ ವೀಳ್ಯದೆಲೆಯನ್ನು ಹೇಗಿಡುತ್ತಾರೆಂಬುದನ್ನು ಗಮನಿಸಿದವರಿಗೆ ಸೊಪ್ಪನ್ನು ಇಡುವ ಕ್ರಮವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ತಂದ ಕೂಡಲೆ ಕಟ್ಟು ಬಿಚ್ಚುತ್ತಾರೆ. ಮಚ್ಚೆಯಾದ, ಹರಿದ ಎಲೆಗಳನ್ನು ಬೇರ್ಪಡಿಸುತ್ತಾರೆ. ನಸು ತೇವದ ಬಟ್ಟೆಯಲ್ಲಿ ಸುತ್ತುತ್ತಾರೆ. ದಿನಕ್ಕೊಮ್ಮೆ ತಿರುವಿ ನೋಡಿ ಕೊಳೆತುದನ್ನು ಎತ್ತಿಹಾಕುತ್ತಾರೆ. ಬಟ್ಟೆ ತೇವವಾಗಿರಬೇಕೇ ಹೊರತು ನೀರು ಒಸರಬಾರದು.

ಸೊಪ್ಪಿಗೂ ಇದೇ ಉಪಚಾರ. ಕಟ್ಟಿನ ದಾರವನ್ನೋ ರಬ್ಬರನ್ನೋ ಮೊದಲು ಬಿಚ್ಚಬೇಕು, ಏಕೆಂದರೆ ಕೊಳೆಯುವುದು ಆರಂಭವಾಗುವುದು ಬಿಗಿದ ಕಡೆಯಲ್ಲಿಯೇ. ಹಳದಿ ಎಲೆ, ಜಜ್ಜಿದ ದಂಟುಗಳನ್ನು ತೆಗೆಯಬೇಕು. ಅಂಗಡಿಯವರು ನೀರು ಚಿಮುಕಿಸಿದ್ದರೆ ಬಟ್ಟೆಯ ಮೇಲೆ ಹರಡಿ ಅರ್ಧ ಗಂಟೆ ನೆರಳಿನಲ್ಲಿ ಆರಲು ಬಿಡಬೇಕು. ಅನಂತರ ಶುಭ್ರವಾದ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಮುಚ್ಚಳವಿರುವ ಡಬ್ಬದಲ್ಲಿ ಫ್ರಿಜ್ಜಿನೊಳಗಿಡಬೇಕು. ಬಟ್ಟೆ ಹೆಚ್ಚಿನ ನೀರನ್ನು ಹೀರಿಕೊಳ್ಳುವುದು, ಡಬ್ಬ ಒಣಗಾಳಿಯನ್ನು ತಡೆಯುವುದು. ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು. ಮುದ್ರಣದ ಮಸಿ ಆಹಾರಕ್ಕೆ ಅಂಟಬಾರದು. ಬೇರಿರುವ ಕೊತ್ತಂಬರಿಯನ್ನು ಬೇರು ಮಾತ್ರ ಮುಳುಗುವಷ್ಟು ನೀರಿನ ಲೋಟದಲ್ಲಿ ನಿಲ್ಲಿಸಿ, ದಿನವೂ ನೀರು ಬದಲಿಸಿದರೆ ಹೂಜಿಯಲ್ಲಿಟ್ಟ ಹೂವಿನಂತೆ ನಳನಳಿಸುವುದು. ಕರಿಬೇವಿನ ಎಲೆಗಳನ್ನು ಕಡ್ಡಿಯಿಂದ ಬಿಡಿಸಿ, ತೇವವಿಲ್ಲದಂತೆ ಆರಿಸಿ ಡಬ್ಬದಲ್ಲಿಡಬೇಕು. ಹಸಿಮೆಣಸಿನಕಾಯಿಯ ತೊಟ್ಟು ತೆಗೆದು, ಒಣಬಟ್ಟೆ ಹಾಸಿದ ಡಬ್ಬದಲ್ಲಿಟ್ಟರೆ ಹೆಚ್ಚು ದಿನ ಬರುವುದೆಂಬುದು ಅನೇಕ ಗೃಹಿಣಿಯರ ಅನುಭವ.

ಮೂಲಂಗಿ, ಬೀಟ್‌ರೂಟ್, ಕ್ಯಾರೆಟ್ಟುಗಳನ್ನು ಸೊಪ್ಪುಸಹಿತ ಕೊಂಡರೆ ಮನೆಗೆ ಬಂದೊಡನೆ ಸೊಪ್ಪನ್ನು ಕತ್ತರಿಸಿ ಬೇರೆಯಾಗಿಡಬೇಕು. ಹಾಗೆಯೇ ಬಿಟ್ಟರೆ ಎಲೆಗಳು ಗಡ್ಡೆಯ ನೀರನ್ನೆಲ್ಲ ಸೆಳೆದು ಗಾಳಿಗೆ ತೂರಿ, ಗಡ್ಡೆಯನ್ನು ಬೆಂಡು ಮಾಡುತ್ತವೆ. ಕತ್ತರಿಸಿದ ಮೂಲಂಗಿ ಸೊಪ್ಪು ಮರುದಿನದ ಪಲ್ಯಕ್ಕಾಯಿತು.

ಈರುಳ್ಳಿ, ಆಲೂಗಡ್ಡೆ, ಶುಂಠಿ

ಈರುಳ್ಳಿ ಬೆಳ್ಳುಳ್ಳಿಗಳಿಗೆ ಬೇಕಾದುದು ಒಣಹವೆ ಮತ್ತು ಗಾಳಿಯಾಟ. ತಂತಿಯ ಬುಟ್ಟಿ, ಬಲೆಯ ಚೀಲ, ಬಿದಿರ ತಟ್ಟೆ ಯಾವುದಾದರೂ ಸರಿಯೆ. ಪ್ಲಾಸ್ಟಿಕ್ ಚೀಲ ಮಾತ್ರ ಕೂಡದು. ಆಲೂಗಡ್ಡೆಗೆ ಬೇಕಾದುದು ಕತ್ತಲೆ, ತಂಪು ಮತ್ತು ಅಲ್ಪ ತೇವ. ಎರಡರ ಬಯಕೆ ಬೇರೆಯಾದುದರಿಂದ ಎರಡನ್ನೂ ಒಂದೇ ಬುಟ್ಟಿಯಲ್ಲಿ ಸುರಿಯುವ ವಾಡಿಕೆ ತಪ್ಪು.

ಆಲೂಗಡ್ಡೆಯ ವಿಷಯದಲ್ಲಿ ಆರೋಗ್ಯದ ಎಚ್ಚರವೂ ಬೇಕು. ಬೆಳಕು ಬಿದ್ದ ಆಲೂಗಡ್ಡೆ ಹಸಿರಾಗುವುದು. ಹಸಿರು ಬಣ್ಣ ತಾನಾಗಿ ವಿಷವಲ್ಲ. ಆದರೆ ಅದರ ಜೊತೆಯಲ್ಲಿಯೇ ಸೊಲನೈನ್ ಎಂಬ ಕಹಿ ವಿಷಪದಾರ್ಥವೂ ಹೆಚ್ಚುವುದು. ಬೇಯಿಸಿದರೆ ಅದು ನಾಶವಾಗುವುದಿಲ್ಲ. ಮೊಳಕೆಯಲ್ಲಿಯೂ ಅದು ಹೆಚ್ಚಾಗಿರುತ್ತದೆ. ಅಲ್ಲಲ್ಲಿ ಹಸಿರಿದ್ದರೆ ಆ ಭಾಗವನ್ನೂ ಮೊಳಕೆಯ ಕಣ್ಣುಗಳನ್ನೂ ದಪ್ಪವಾಗಿ ಕೆತ್ತಿ ತೆಗೆಯಬೇಕು. ಬಹುಪಾಲು ಹಸಿರಾದುದನ್ನೂ ಕಹಿಯಾದುದನ್ನೂ ಎಸೆಯಬೇಕು. ಮಕ್ಕಳಿಗೆ ಬಡಿಸುವ ಪಲ್ಯದಲ್ಲಿ ಇಂತಹ ಉಳಿತಾಯ ಸಲ್ಲದು. ಫ್ರಿಜ್ಜಿನ ತಂಪಿನಲ್ಲಿಟ್ಟ ಆಲೂಗಡ್ಡೆಯ ಪಿಷ್ಟವು ಸಕ್ಕರೆಯಾಗಿ, ಕರಿದರೆ ಬೇಗ ಕಂದು ತಿರುಗುವುದು. ಗೆಣಸು, ಸುವರ್ಣಗಡ್ಡೆಗಳಿಗೂ ಫ್ರಿಜ್ಜು ಬೇಡ. ಶುಂಠಿಯನ್ನು ನಸು ತೇವದ ಮರಳಿನಲ್ಲಿ ಹೂತಿಡುವುದು ಹಳ್ಳಿಯ ಕ್ರಮ. ಪಟ್ಟಣದ ಮನೆಯಲ್ಲಿ ಸಿಪ್ಪೆ ತೆಗೆಯದೆ, ತೊಳೆಯದೆ, ಒಣಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಬಹುದು.

ಒದ್ದೆ ಮರಳಿನ ತಂಪು

ಫ್ರಿಜ್ಜು ಇಲ್ಲದ ಮನೆಗಳೂ ವಿದ್ಯುತ್ತು ಆಗಾಗ ಕೈಕೊಡುವ ಊರುಗಳೂ ಇನ್ನೂ ಇವೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದನ್ನು ಎಲ್ಲರೂ ಬಲ್ಲರು. ಹೂಜಿಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಶಾಖವನ್ನು ಹೊತ್ತೊಯ್ಯುವುದು. ಇದೇ ತತ್ತ್ವದಿಂದ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ರಾಯ್ ಮತ್ತು ಖುರ್ದಿಯಾ ಎಂಬ ವಿಜ್ಞಾನಿಗಳು 1980ರ ದಶಕದಲ್ಲಿ ವಿದ್ಯುತ್ತು ಬೇಡದ ತಂಪುಕೋಣೆಯೊಂದನ್ನು ರೂಪಿಸಿದರು. ಇಟ್ಟಿಗೆಯ ಜೋಡಿಗೋಡೆ, ನಡುವೆ ಸುಮಾರು 7.5 ಸೆಂಟಿಮೀಟರ್ ಸಂದು, ಸಂದಿನಲ್ಲಿ ಹೊಳೆಯ ಮರಳು, ಮೇಲೊಂದು ಹುಲ್ಲಿನ ಮುಚ್ಚಳ. ಮರಳನ್ನು ದಿನಕ್ಕೆರಡು ಬಾರಿ ನೆನೆಸಿದರಾಯಿತು. ಬೇಸಿಗೆಯ ಒಣಹವೆಯಲ್ಲಿ ಇದರ ಒಳಗು ಹೊರಗಿಗಿಂತ 10ರಿಂದ 15 ಡಿಗ್ರಿ ತಂಪಾಗಿರುವುದು. ಒಳಗಿನ ಗಾಳಿ ತೇವದಿಂದ ಕೂಡಿರುವುದರಿಂದ ಸೊಪ್ಪು ಬಾಡದು.

ಮನೆಯ ಮಟ್ಟಿಗೆ ಎರಡು ಮಡಕೆಗಳೇ ಸಾಕು. ದೊಡ್ಡ ಮಡಕೆಯೊಳಗೆ ಚಿಕ್ಕದನ್ನಿಟ್ಟು, ನಡುವೆ ಎರಡು ಬೆರಳಗಲ ಮರಳು ತುಂಬಿ ನೆನೆಸಿ, ಬಾಯಿಗೆ ಒದ್ದೆಬಟ್ಟೆ ಮುಚ್ಚಿ, ಗಾಳಿಯಾಡುವ ನೆರಳಿನಲ್ಲಿಡಬೇಕು. ನೈಜೀರಿಯ ದೇಶದ ಅಧ್ಯಾಪಕ ಮೊಹಮ್ಮದ್ ಬಾ ಅಬ್ಬಾ ಎಂಬಾತ 1990ರ ದಶಕದಲ್ಲಿ ಇಂತಹ ಜೋಡಿಮಡಕೆಗಳನ್ನು ಮಾಡಿಸಿ ಹಳ್ಳಿಗರಿಗೆ ಹಂಚಿ ಹೆಸರಾದನು. ಒಂದು ಮಾತನ್ನು ಮಾತ್ರ ಮರೆಯಬಾರದು. ನೀರು ಆವಿಯಾಗಬೇಕಾದರೆ ಗಾಳಿ ಒಣಗಿರಬೇಕು. ಕಲಬುರಗಿ, ರಾಯಚೂರು, ಬಳ್ಳಾರಿಗಳ ಬೇಸಿಗೆಯಲ್ಲಿ ಈ ಮಡಕೆ ವರವಾಗುವುದು. ಬೆವರೇ ಆರದ ಮಂಗಳೂರು ಕಾರವಾರಗಳಲ್ಲಿ ಅದರಿಂದ ಹೆಚ್ಚಿನ ಉಪಯೋಗವಾಗದು.

ಕೊಳ್ಳುವುದು, ಉಣ್ಣುವುದು

ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಮಾತು ಕಾಯಿಪಲ್ಯಕ್ಕೂ ಸಲ್ಲುವುದು. ಮಿತಿಮೀರಿ ಕೊಂಡುದನ್ನು ಯಾವ ಉಪಾಯವೂ ಉಳಿಸಲಾರದು. ಕೇಂದ್ರೀಯ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆಯ 2015ರ ಅಧ್ಯಯನದಂತೆ, ಭಾರತದಲ್ಲಿ ಕೊಯ್ಲಿನಿಂದ ಅಂಗಡಿಯವರೆಗೆ ಹಣ್ಣು ತರಕಾರಿಗಳಲ್ಲಿ ಆಗುವ ನಷ್ಟ ಬೆಳೆಗೆ ತಕ್ಕಂತೆ ನೂರಕ್ಕೆ 4.58ರಿಂದ 15.88ರಷ್ಟು, ಎಲ್ಲಕ್ಕಿಂತ ಹೆಚ್ಚು ನಷ್ಟವಾಗುವುದು ಸೀಬೆಹಣ್ಣಿನಲ್ಲಿ. ಮನೆಗೆ ಬಂದ ಮೇಲೆ ಆಗುವ ನಷ್ಟ ಈ ಲೆಕ್ಕದಲ್ಲಿ ಸೇರಿಲ್ಲ. ಇಷ್ಟೆಲ್ಲ ದಾಟಿ ಬಂದುದು ಕೊನೆಯ ಹೆಜ್ಜೆಯಲ್ಲಿ ಕಸವಾಗುವುದು ಹಣದ ನಷ್ಟ ಮಾತ್ರವಲ್ಲ, ಬೆಳೆದವನ ಬೆವರಿನ ನಷ್ಟವೂ ಹೌದು.

ವಾರಕ್ಕೊಮ್ಮೆ ಕೊಳ್ಳುವವರು ಉಣ್ಣುವುದಕ್ಕೂ ಒಂದು ಕ್ರಮವನ್ನಿಟ್ಟುಕೊಂಡರೆ ಅರ್ಧ ಕಷ್ಟ ತಪ್ಪುವುದು. ಮೊದಲೆರಡು ದಿನ ಸೊಪ್ಪು, ಬೆಂಡೆ, ಬಟಾಣಿ. ಮೂರು ನಾಲ್ಕನೆಯ ದಿನ ಬದನೆ, ಹುರುಳಿಕಾಯಿ, ಹೂಕೋಸು. ವಾರದ ಕೊನೆಗೆ ಎಲೆಕೋಸು, ಕ್ಯಾರೆಟ್, ಬೀಟ್‌ರೂಟ್, ಕುಂಬಳ, ಆಲೂಗಡ್ಡೆ. ದಿನಕ್ಕೊಮ್ಮೆ ಬುಟ್ಟಿಯನ್ನು ತಿರುವಿ ನೋಡಿ ಕೊಳೆಯತೊಡಗಿದುದನ್ನು ಎತ್ತಿಬಿಟ್ಟರೆ ಉಳಿದುವು ಉಳಿಯುತ್ತವೆ. ತೊಳೆಯುವುದು ಹೆಚ್ಚುವ ಮುನ್ನ, ಹರಿಯುವ ನೀರಿನಲ್ಲಿ. ಸಾಬೂನಿನ ನೀರು ಬೇಡ. ಹೆಚ್ಚಿದ ಹಣ್ಣು ತರಕಾರಿಗೆ ಸಿಪ್ಪೆಯ ರಕ್ಷಣೆಯಿಲ್ಲ. ಅದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡದೆ, ಮುಚ್ಚಿ ತಂಪಿನಲ್ಲಿಟ್ಟು ಬೇಗ ಬಳಸಬೇಕು. ಮೆತ್ತನೆಯ ಹಣ್ಣಿಗೆ ಬೂಷ್ಟು ಬಂದರೆ ಆ ಭಾಗವನ್ನಷ್ಟೇ ಕತ್ತರಿಸಿ ತಿನ್ನುವುದು ಕ್ಷೇಮವಲ್ಲ. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೂ ಹರಡಿರುತ್ತವೆ.

ಬಸವನಗುಡಿಯ ಮನೆಯಲ್ಲಿ ಮಾತಿಲ್ಲದ ಆ ರಾತ್ರಿ ಕಳೆದು ಭಾನುವಾರ ಬಂದಿತು. ಸೊಸೆ ಕೈಚೀಲವನ್ನು ಸಿಂಕಿನ ಬಳಿಗೆ ಒಯ್ಯದೆ ಅತ್ತೆಯ ಮುಂದೆ ತಂದಿಟ್ಟು, "ನೀವು ಎಲೆ ಇಟ್ಟುಕೊಳ್ಳುವ ಹಾಗೆಯೇ ಸೊಪ್ಪನ್ನೂ ಇಡಬಹುದೇ, ಅತ್ತೆ?" ಎಂದು ಕೇಳಿದಳು. ಅತ್ತೆ ಹಳೆಯ ಪಂಚೆಯೊಂದನ್ನು ಹರಿದು ನಾಲ್ಕು ತುಂಡು ಮಾಡಿದರು. ಮಗ ಹಣ್ಣಿನ ಬುಟ್ಟಿಯನ್ನು ಹಜಾರದ ಕಿಟಕಿಯ ಬಳಿಗೆ ಸಾಗಿಸಿ, ಅಡುಗೆಮನೆಯ ಹಿಂದಿನ ಮೊಗಸಾಲೆಯಲ್ಲಿ ಒಂದು ಕೊಕ್ಕೆ ಹೊಡೆದನು. ಊರಿನಿಂದ ಬಂದ ಮಂಗಳೂರು ಸೌತೆ ಈಗ ಅಲ್ಲಿ ತೂಗುತ್ತಿದೆ. ಗುರುವಾರ ಸಂಜೆ ಸೊಸೆ ಡಬ್ಬ ತೆರೆದಾಗ ಕೊತ್ತಂಬರಿ ಹಸಿರಾಗಿಯೇ ಇದ್ದಿತು. "ನಾಳೆಗೂ ಆಯಿತಲ್ಲಮ್ಮಾ" ಎಂದರು ಅತ್ತೆ. ಅಂದು ಆ ಮನೆಯಲ್ಲಿ ಕಸದ ಬುಟ್ಟಿಗೆ ಬಿದ್ದುದು ಸಿಪ್ಪೆ ಮಾತ್ರ.